ಒಂದೇ ಬಾಗಿಲು, ಕೋಟಿ ಕೀಲಿ: ಕೋಡ್ ಸರ್ವರ್ ತನ್ನವರನ್ನು ಗುರುತಿಸುವ ಬಗೆ

2023ರ ಮಾರ್ಚ್ 24, ಶುಕ್ರವಾರ. ಭಾರತೀಯ ಕಾಲಮಾನದಂತೆ ಬೆಳಿಗ್ಗೆ ಸುಮಾರು 10.30ರ ಬಳಿಕ ಗಿಟ್‌ಹಬ್ ಕೋಡ್ ಭಂಡಾರವನ್ನು ಸಂಪರ್ಕಿಸಿದ ಅನೇಕ ತಂತ್ರಾಂಶ ರಚನಕಾರರ ಪರದೆಯ ಮೇಲೆ ಗಾಬರಿ ಹುಟ್ಟಿಸುವ ಎಚ್ಚರಿಕೆಯೊಂದು ಮೂಡಿತು. ದೂರದ ಸರ್ವರಿನ ಗುರುತು ಬದಲಾಗಿದೆ, ಯಾರೋ ನಡುವೆ ಕುಳಿತು ಕದ್ದಾಲಿಸುತ್ತಿರಬಹುದು ಎಂಬುದು ಅದರ ಸಾರ. ವಾಸ್ತವವಾಗಿ ಗುರುತನ್ನು ಬದಲಿಸಿದ್ದು ಸ್ವತಃ ಗಿಟ್‌ಹಬ್ ಸಂಸ್ಥೆ. ಅದರ ಆರ್‌ಎಸ್‌ಎ ಕೀಲಿಯ ಖಾಸಗಿ ಭಾಗ ಅಲ್ಪಕಾಲ ಸಾರ್ವಜನಿಕ ಭಂಡಾರವೊಂದರಲ್ಲಿ, ಅದೂ ಗಿಟ್‌ಹಬ್‌ನಲ್ಲಿಯೇ, ಬಹಿರಂಗಗೊಂಡಿತ್ತು. ಜಗತ್ತಿನ ಕೋಡ್ ಕಾಯುವ ಕಾವಲುಗಾರನೇ ತನ್ನ ಬೀಗದ ಕೈಯನ್ನು ಬಾಗಿಲ ಮುಂದೆ ಬೀಳಿಸಿಕೊಂಡಿದ್ದ.

ತಂತ್ರಾಂಶ ಉದ್ಯಮದಲ್ಲಿ ದುಡಿಯುವವರ ಮನೆಮಾತಾಗಿರುವ ಈ ‘ಎಸ್‌ಎಸ್‌ಎಚ್ ಕೀಲಿ’ ಎಂದರೇನು? ಗುಪ್ತಪದವನ್ನೇ ಕೇಳದೆ ಸರ್ವರ್ ಒಬ್ಬನನ್ನು ಹೇಗೆ ಗುರುತಿಸುತ್ತದೆ? ಅದರಲ್ಲೂ ಕೋಟ್ಯಂತರ ಜನ ಒಂದೇ ಬಳಕೆದಾರ ಹೆಸರಿನಿಂದ ಒಳಬರುವ ಸ್ಥಳದಲ್ಲಿ?

ಹುಟ್ಟಿನ ಹಿನ್ನೆಲೆ

ಎಸ್‌ಎಸ್‌ಎಚ್ ಹುಟ್ಟಿದ್ದು ಫಿನ್ಲೆಂಡ್‌ನಲ್ಲಿ, 1995ರಲ್ಲಿ. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಸಂಪರ್ಕಜಾಲದಲ್ಲಿ ಯಾರೋ ಕದ್ದಾಲಿಕೆ ತಂತ್ರಾಂಶ ಅಳವಡಿಸಿ ಗುಪ್ತಪದಗಳನ್ನು ಸಂಗ್ರಹಿಸುತ್ತಿದ್ದುದು ಬೆಳಕಿಗೆ ಬಂತು. ಆಗ ದೂರದ ಗಣಕಯಂತ್ರವನ್ನು ಬಳಸಲು ಟೆಲ್ನೆಟ್, ಆರ್‌ಲಾಗಿನ್‌ಗಳಂಥ ಸಾಧನಗಳಿದ್ದವು. ಅವುಗಳಲ್ಲಿ ಗುಪ್ತಪದ ಯಾವ ಮುಸುಕೂ ಇಲ್ಲದೆ, ಅಂಚೆ ಕಾರ್ಡಿನ ಮೇಲೆ ಬರೆದ ಪತ್ರದಂತೆ ತಂತಿಯ ಮೇಲೆ ಸಾಗುತ್ತಿತ್ತು. ಅಲ್ಲಿನ ಸಂಶೋಧಕ ತಾತು ಯುಲೋನೆನ್ ಇದಕ್ಕೆ ಪರ್ಯಾಯವಾಗಿ ಗೂಢಲಿಪಿಯ ಹೊದಿಕೆಯುಳ್ಳ ಸಾಧನವೊಂದನ್ನು ಬರೆದು ಅದೇ ವರ್ಷ ಜುಲೈನಲ್ಲಿ ಉಚಿತವಾಗಿ ಬಿಡುಗಡೆ ಮಾಡಿದರು. ಅದಕ್ಕಾಗಿ ಅವರು ಕೇಳಿ ಪಡೆದ ಪೋರ್ಟ್ ಸಂಖ್ಯೆ 22. ಕಡತ ಸಾಗಿಸುವ ಎಫ್‌ಟಿಪಿಯ 21 ಮತ್ತು ಟೆಲ್ನೆಟ್‌ನ 23ರ ನಡುವೆ ಆ ಜಾಗ ಖಾಲಿ ಇತ್ತು.

1999ರಲ್ಲಿ ಓಪನ್‌ಬಿಎಸ್‌ಡಿ ಬಳಗ ಹಳೆಯ ಮುಕ್ತ ಆವೃತ್ತಿಯನ್ನು ಆಧರಿಸಿ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶವನ್ನು ಹೊರತಂದಿತು. ಲಿನಕ್ಸ್, ಮ್ಯಾಕ್ ಮತ್ತು ಈಚಿನ ವಿಂಡೋಸ್ ಗಣಕಗಳಲ್ಲಿ ಇರುವುದು ಅದೇ. ಎರಡನೇ ತಲೆಮಾರಿನ ಶಿಷ್ಟಾಚಾರಕ್ಕೆ ಅಂತರ್ಜಾಲದ ಅಧಿಕೃತ ಮಾನಕದ ಸ್ಥಾನ ದೊರೆತದ್ದು 2006ರ ಜನವರಿಯಲ್ಲಿ.

ಕೀಲಿಜೋಡಿಯ ಒಳಗುಟ್ಟು

ಸಾಮಾನ್ಯ ಬೀಗಕ್ಕೆ ಕೀಲಿ ಒಂದೇ ಬಗೆಯದು. ಹಾಕುವುದಕ್ಕೂ ಅದೇ, ತೆಗೆಯುವುದಕ್ಕೂ ಅದೇ. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಪ್ರಕಟಿಸಿದ ಪ್ರಬಂಧ ಈ ಕಲ್ಪನೆಯನ್ನೇ ಬದಲಿಸಿತು. ಗಣಿತದ ಸಂಬಂಧವುಳ್ಳ ಎರಡು ಕೀಲಿಗಳಿರಲಿ, ಒಂದನ್ನು ಊರಿಗೆಲ್ಲ ಹಂಚಬಹುದು, ಇನ್ನೊಂದನ್ನು ಗುಟ್ಟಾಗಿಡಬೇಕು ಎಂಬುದು ಅವರ ಪ್ರತಿಪಾದನೆ. ಮರುವರ್ಷ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ರೂಪಿಸಿದ ಆರ್‌ಎಸ್‌ಎ ವಿಧಾನ ಇದನ್ನು ಕಾರ್ಯರೂಪಕ್ಕೆ ತಂದಿತು. ಎರಡು ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ; ಗುಣಲಬ್ಧ ಕೊಟ್ಟು ಮೂಲ ಸಂಖ್ಯೆಗಳನ್ನು ಹುಡುಕೆಂದರೆ ಮಹಾಗಣಕಗಳೂ ಸೋಲುತ್ತವೆ. ಇದೇ ಶೋಧವನ್ನು ಬ್ರಿಟನ್ನಿನ ಗೂಢಚಾರ ಸಂಸ್ಥೆಯ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಮಾಡಿದ್ದರು. ಆದರೆ ಸರಕಾರಿ ರಹಸ್ಯವಾಗಿದ್ದರಿಂದ ಅದು ಲೋಕಕ್ಕೆ ತಿಳಿದದ್ದು 1997ರಲ್ಲಿ.

ಕೀಲಿಜೋಡಿ ಸಿದ್ಧಪಡಿಸುವುದು ಒಂದು ಆದೇಶದ ಕೆಲಸ. ಅದರ ಫಲವಾಗಿ ಗಣಕದಲ್ಲಿ ಎರಡು ಕಡತಗಳು ಉಳಿಯುತ್ತವೆ. ಪಬ್ ಎಂಬ ಬಾಲವುಳ್ಳ ಕಡತ ಸಾರ್ವಜನಿಕ ಕೀಲಿ. ಅದನ್ನೇ ಕೋಡ್ ಸರ್ವರಿನ ಖಾತೆಗೆ ಅಂಟಿಸಬೇಕು. ಬಾಲವಿಲ್ಲದ್ದು ಖಾಸಗಿ ಕೀಲಿ. ಅದು ಗಣಕವನ್ನು ಬಿಟ್ಟು ಕದಲಬಾರದು. ಅವಸರದಲ್ಲಿ ಎರಡನೆಯದನ್ನು ಅಂಟಿಸಿ, ಇಲ್ಲವೇ ಯೋಜನೆಯ ಕಡತಗಳೊಡನೆ ಅದನ್ನೂ ಭಂಡಾರಕ್ಕೆ ತಳ್ಳಿ ಪೇಚಿಗೆ ಸಿಕ್ಕವರ ಸಂಖ್ಯೆ ಸಣ್ಣದಲ್ಲ. ಖಾಸಗಿ ಕಡತವನ್ನು ಅದೇ ಗಣಕದ ಇತರ ಬಳಕೆದಾರರು ಓದುವಂತಿದ್ದರೆ ಓಪನ್‌ಎಸ್‌ಎಸ್‌ಎಚ್ ಅದನ್ನು ಬಳಸಲು ನಿರಾಕರಿಸುತ್ತದೆ. ಹೊಸಬರನ್ನು ಗಲಿಬಿಲಿಗೊಳಿಸುವ ಈ ಹಟಮಾರಿತನ ಸಕಾರಣವಾದದ್ದೇ.

ಸವಾಲು ಅಲ್ಲ, ಸಹಿ

ಸರ್ವರ್ ಒಂದು ರಹಸ್ಯ ಸಂಖ್ಯೆಯನ್ನು ಸಾರ್ವಜನಿಕ ಕೀಲಿಯಿಂದ ಮುಚ್ಚಿ ಕಳಿಸುತ್ತದೆ, ಬಳಕೆದಾರ ಖಾಸಗಿ ಕೀಲಿಯಿಂದ ಬಿಚ್ಚಿ ತೋರಿಸುತ್ತಾನೆ ಎಂಬ ವಿವರಣೆ ಅನೇಕ ಕಡೆ ಕಾಣಸಿಗುತ್ತದೆ. ಅದು ಮೊದಲ ತಲೆಮಾರಿನ ಶಿಷ್ಟಾಚಾರಕ್ಕೆ ಸಲ್ಲುವ ಮಾತು. ಈಗ ಬಳಕೆಯಲ್ಲಿರುವ ಎರಡನೇ ಆವೃತ್ತಿಯಲ್ಲಿ ನಡೆಯುವುದು ಸಹಿಯ ವ್ಯವಹಾರ.

ಮೊದಲಿಗೆ ಎರಡೂ ಕಡೆಯವರು ಡಿಫಿ-ಹೆಲ್ಮನ್ ಮಾದರಿಯ ವಿನಿಮಯದಿಂದ ತಾತ್ಕಾಲಿಕ ಗೂಢಲಿಪಿಯೊಂದನ್ನು ಒಪ್ಪಿಕೊಳ್ಳುತ್ತಾರೆ. ಈ ಹಂತದಲ್ಲೇ ಸರ್ವರ್ ತನ್ನ ಕೀಲಿಯಿಂದ ಸಹಿ ಮಾಡಿ ತಾನಾರೆಂದು ಸಾಬೀತುಪಡಿಸಬೇಕು. ವಿನಿಮಯದ ಫಲವಾಗಿ ಆ ಸಂಪರ್ಕಕ್ಕೆ ಮಾತ್ರ ಸೀಮಿತವಾದ ಗುರುತೊಂದು ಹುಟ್ಟುತ್ತದೆ. ಅದೇ ಸಂಪರ್ಕ ಮುಂದಿನ ಬಾರಿ ಏರ್ಪಟ್ಟಾಗ ಗುರುತು ಬೇರೆಯೇ ಆಗಿರುತ್ತದೆ.

ಅನಂತರ ಬಳಕೆದಾರನ ಸರದಿ. ಆತನ ಗಣಕ ಸಾರ್ವಜನಿಕ ಕೀಲಿಯನ್ನು ಮುಂದಿಟ್ಟು, ಇದರ ಸಹಿಯನ್ನು ಒಪ್ಪುವಿರಾ ಎಂದು ವಿಚಾರಿಸುತ್ತದೆ. ಸರ್ವರ್ ತನ್ನ ದಾಖಲೆ ತಡಕಿ ಆ ಕೀಲಿ ಇದ್ದರೆ ಒಪ್ಪಿಗೆ ಸೂಚಿಸುತ್ತದೆ. ಆಗ ಗಣಕವು ಸಂಪರ್ಕದ ಗುರುತು, ಬಳಕೆದಾರ ಹೆಸರು, ಕೋರಿದ ಸೇವೆ, ಕೀಲಿ ಇವೆಲ್ಲವನ್ನು ಸೇರಿಸಿ ಖಾಸಗಿ ಕೀಲಿಯಿಂದ ಸಹಿ ಹಾಕಿ ರವಾನಿಸುತ್ತದೆ. ಸರ್ವರ್ ಸಾರ್ವಜನಿಕ ಕೀಲಿಯಿಂದ ಅದನ್ನು ತಾಳೆ ನೋಡುತ್ತದೆ. ಖಾಸಗಿ ಕೀಲಿ ಎಲ್ಲಿಯೂ ಪಯಣಿಸುವುದಿಲ್ಲ. ಸಹಿಯಲ್ಲಿ ಆಯಾ ಸಂಪರ್ಕದ ಗುರುತು ಬೆಸೆದಿರುವುದರಿಂದ, ಆ ಸಹಿಯನ್ನು ಕದ್ದು ಇನ್ನೊಂದು ಸಂಪರ್ಕದಲ್ಲಿ ಬಳಸಲು ಬಾರದು. ಗುಪ್ತಪದಕ್ಕೆ ಈ ಗುಣವಿಲ್ಲ. ಒಮ್ಮೆ ಕೇಳಿಸಿಕೊಂಡವನು ಎಷ್ಟು ಬಾರಿಯಾದರೂ ಹೇಳಬಹುದು.

ಬಳಕೆದಾರನ ಬಳಿ ಹತ್ತಾರು ಕೀಲಿಗಳಿದ್ದರೆ ಗಣಕ ಒಂದಾದ ಮೇಲೊಂದನ್ನು ಮುಂದಿಡುತ್ತಾ ಹೋಗುತ್ತದೆ. ಓಪನ್‌ಎಸ್‌ಎಸ್‌ಎಚ್ ಸರ್ವರಿನ ಸಹಜ ಮಿತಿ ಆರು ಪ್ರಯತ್ನಗಳು. ಸರಿಯಾದ ಕೀಲಿ ಏಳನೆಯದಾಗಿದ್ದರೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಬಳಕೆದಾರ ತನ್ನ ಕೀಲಿಯೇ ಕೆಟ್ಟಿದೆಯೆಂದು ಭಾವಿಸಿ ತಲೆ ಕೆರೆದುಕೊಳ್ಳುತ್ತಾನೆ. ಹೀಗೆ ಮುಂದಿಟ್ಟ ಕೀಲಿಗಳೆಲ್ಲ ಸರ್ವರಿಗೆ ಕಾಣುತ್ತವೆ ಎಂಬುದೂ ಗಮನಾರ್ಹ. ಗಿಟ್‌ಹಬ್ ತನ್ನ ಬಳಕೆದಾರರ ಸಾರ್ವಜನಿಕ ಕೀಲಿಗಳನ್ನು ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತದೆ. 2015ರಲ್ಲಿ ಫಿಲಿಪ್ಪೊ ವಾಲ್ಸೋರ್ಡಾ ಎಂಬ ತಜ್ಞ ಈ ಎರಡೂ ಸಂಗತಿಗಳನ್ನು ಕೂಡಿಸಿ, ಸಂಪರ್ಕಿಸಿದವರ ಹೆಸರನ್ನು ಕೂಡಲೇ ಹೇಳಿಬಿಡುವ ಸರ್ವರೊಂದನ್ನು ನಿರ್ಮಿಸಿ ತೋರಿಸಿದರು.

ಎಲ್ಲರ ಹೆಸರೂ ‘ಗಿಟ್’

ಸಾಧಾರಣ ಸರ್ವರಿನಲ್ಲಿ ಪ್ರತಿ ಬಳಕೆದಾರನಿಗೂ ಪ್ರತ್ಯೇಕ ಹೆಸರು, ಪ್ರತ್ಯೇಕ ಮನೆ ಇರುತ್ತದೆ. ಹಂಚಿಕೆಯ ಕೋಡ್ ಸರ್ವರಿನ ರೀತಿಯೇ ಬೇರೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ತಿರುಳಿನ ಕೆಲಸಕ್ಕಾಗಿ ಬರೆದ ಗಿಟ್ ಇಂದು ಕೋಡ್ ನಿರ್ವಹಣೆಯ ಸರ್ವಸಮ್ಮತ ಸಾಧನ. ಅದನ್ನು ಆಧರಿಸಿ 2008ರಲ್ಲಿ ಆರಂಭವಾದ ಗಿಟ್‌ಹಬ್, 2023ರ ಜನವರಿಯಲ್ಲಿ ತನ್ನ ಬಳಕೆದಾರರು 10 ಕೋಟಿ ತಲುಪಿದ್ದಾಗಿ ಪ್ರಕಟಿಸಿತು. ಅವರಲ್ಲಿ ಯಾರು ಎಸ್‌ಎಸ್‌ಎಚ್ ಮೂಲಕ ಸಂಪರ್ಕಿಸಿದರೂ ಹೇಳುವ ಬಳಕೆದಾರ ಹೆಸರು ‘ಗಿಟ್’ ಎಂದೇ. ಇಡೀ ಊರಿನವರೆಲ್ಲ ಒಂದೇ ಹೆಸರು ಹೇಳಿ ಒಂದೇ ಬಾಗಿಲು ತಟ್ಟಿದಂತೆ.

ಹಾಗಿದ್ದೂ ಸರ್ವರ್ ಅವರವರ ಖಾತೆಯ ಹೆಸರು ಹಿಡಿದು ಸ್ವಾಗತಿಸುತ್ತದೆ, ದೃಢೀಕರಣ ಯಶಸ್ವಿಯಾಗಿದೆ ಆದರೆ ಇಲ್ಲಿ ಶೆಲ್ ಸೌಲಭ್ಯವಿಲ್ಲ ಎಂದು ತಿಳಿಸಿ ಬೀಳ್ಕೊಡುತ್ತದೆ. ಹೊಸಬರು ಇದನ್ನು ದೋಷವೆಂದು ತಿಳಿಯುವುದುಂಟು. ಅದು ದೋಷವಲ್ಲ, ಎಲ್ಲವೂ ಸರಿಯಿದೆ ಎಂಬುದರ ಸೂಚನೆ.

ಇದರ ಮರ್ಮ ಅನುಮತಿತ ಕೀಲಿಗಳ ಪಟ್ಟಿಯಲ್ಲಿದೆ. ಆ ಕಡತದಲ್ಲಿ ಸಾಲಿಗೊಂದರಂತೆ ಸಾರ್ವಜನಿಕ ಕೀಲಿಗಳು ಇರುತ್ತವೆ. ಪ್ರತಿ ಕೀಲಿಯ ಹಿಂದೆ ಒಂದು ಕಡ್ಡಾಯ ಆದೇಶವನ್ನು ಬರೆದಿಡಬಹುದು. ಈ ಕೀಲಿ ಹಿಡಿದು ಬಂದವನು ಏನನ್ನೇ ಕೇಳಲಿ, ಇಂಥ ತಂತ್ರಾಂಶವನ್ನು ಮಾತ್ರ ನಡೆಸು, ಅದಕ್ಕೆ ಈತ ಇಷ್ಟನೇ ಸಂಖ್ಯೆಯ ಕೀಲಿಯವನೆಂದು ತಿಳಿಸು ಎಂಬುದು ಅದರ ಅರ್ಥ. ಬಳಕೆದಾರ ನಿಜವಾಗಿ ಕೇಳಿದ್ದೇನು ಎಂಬುದನ್ನು ಪ್ರತ್ಯೇಕ ಚರಾಕ್ಷರವೊಂದರಲ್ಲಿ ಇರಿಸಿಕೊಡಲಾಗುತ್ತದೆ. ಕಾವಲು ತಂತ್ರಾಂಶ ಕೀಲಿಯ ಸಂಖ್ಯೆಯಿಂದ ಖಾತೆಯನ್ನು, ಖಾತೆಯಿಂದ ಹಕ್ಕನ್ನು ಪತ್ತೆಹಚ್ಚಿ, ಆ ಭಂಡಾರವನ್ನು ಓದಲು ಅಥವಾ ಬರೆಯಲು ಬಿಡುತ್ತದೆ. ಇದೇ ಸಾಲಿನಲ್ಲಿ ಪೋರ್ಟ್ ರವಾನೆ, ಟರ್ಮಿನಲ್ ಮುಂತಾದ ಇತರ ಸೌಕರ್ಯಗಳನ್ನೂ ನಿರ್ಬಂಧಿಸುವುದು ವಾಡಿಕೆ.

ಗಿಟ್ ಕೇಳುವ ಆದೇಶಗಳು ಮುಖ್ಯವಾಗಿ ಎರಡೇ: ಕೋಡ್ ತರಿಸಿಕೊಳ್ಳುವಾಗ ‘ಅಪ್‌ಲೋಡ್ ಪ್ಯಾಕ್’, ಕಳಿಸುವಾಗ ‘ರಿಸೀವ್ ಪ್ಯಾಕ್’. ಹೆಸರುಗಳು ತಿರುವುಮುರುವಾಗಿ ತೋರಬಹುದು. ಅವನ್ನು ಇಟ್ಟದ್ದು ಸರ್ವರಿನ ದೃಷ್ಟಿಯಿಂದ, ಬಳಕೆದಾರನ ದೃಷ್ಟಿಯಿಂದಲ್ಲ.

ಸ್ವಂತ ಸರ್ವರಿನಲ್ಲಿ ಈ ಏರ್ಪಾಡನ್ನು ಬಯಸುವ ತಂಡಗಳಿಗೆ ನೆರವಾದ ಸಾಧನಗಳಲ್ಲಿ ಗಿಟೊಲೈಟ್ ಪ್ರಮುಖವಾದದ್ದು. ಅದನ್ನು 2009ರಲ್ಲಿ ಬರೆದವರು ಭಾರತೀಯರೇ ಆದ ಸೀತಾರಾಂ ಚಾಮರ್ತಿ. 2011ರ ಆಗಸ್ಟ್‌ನಲ್ಲಿ ಲಿನಕ್ಸ್ ತಿರುಳಿನ ಮೂಲತಾಣ ಕರ್ನಲ್ ಡಾಟ್ ಆರ್ಗ್‌ಗೆ ಕನ್ನ ಬಿದ್ದದ್ದು ಬಯಲಾಯಿತು. ಅಲ್ಲಿಯವರೆಗೆ ಅನೇಕ ರಚನಕಾರರಿಗೆ ಆ ಸರ್ವರಿನಲ್ಲಿ ಪೂರ್ಣ ಶೆಲ್ ಪ್ರವೇಶವಿತ್ತು. ತಾಣವನ್ನು ಮರುನಿರ್ಮಿಸಿದಾಗ ಆ ಪದ್ಧತಿಯನ್ನು ಕೈಬಿಟ್ಟು ಕೋಡ್ ಪ್ರವೇಶಕ್ಕೆ ಗಿಟೊಲೈಟನ್ನು ಆರಿಸಿಕೊಳ್ಳಲಾಯಿತು.

ಪಟ್ಟಿ ಸಾಲಾಗಿರುವುದರಿಂದ ಇನ್ನೊಂದು ತೊಡಕಿದೆ. ಸರ್ವರ್ ಅದನ್ನು ಮೊದಲಿನಿಂದ ಓದುತ್ತಾ ಹೋಗುತ್ತದೆ. ನೂರು ಜನರಿದ್ದರೆ ಪರವಾಗಿಲ್ಲ. ಲಕ್ಷ ಸಾಲುಗಳಾದರೆ ಪ್ರತಿ ಸಂಪರ್ಕವೂ ತೆವಳುತ್ತದೆ. ಗಿಟ್‌ಹಬ್ 2009ರಲ್ಲಿ ತನ್ನ ವ್ಯವಸ್ಥೆಯ ವಿವರ ಪ್ರಕಟಿಸಿದಾಗ, ಕೀಲಿಗಳನ್ನು ಕಡತದ ಬದಲು ಮೈಎಸ್‌ಕ್ಯೂಎಲ್ ದತ್ತಸಂಚಯದಲ್ಲಿ ಹುಡುಕುವಂತೆ ಎಸ್‌ಎಸ್‌ಎಚ್ ತಂತ್ರಾಂಶವನ್ನು ತಿದ್ದಿಕೊಂಡಿರುವುದಾಗಿ ತಿಳಿಸಿತು. 2013ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 6.2ರಲ್ಲಿ ಹೊರಗಿನ ತಂತ್ರಾಂಶವೊಂದನ್ನು ವಿಚಾರಿಸಿ ಕೀಲಿ ಪಡೆಯುವ ಸೌಲಭ್ಯ ಸೇರಿದ್ದರಿಂದ ಅಂಥ ತಿದ್ದುಪಡಿಯ ಅಗತ್ಯ ತಪ್ಪಿತು. ದೊಡ್ಡ ಗಿಟ್‌ಲ್ಯಾಬ್ ಸರ್ವರುಗಳು ಬಳಸುವುದು ಈ ಮಾರ್ಗವನ್ನೇ.

ಕೀಲಿಯೇ ಹೆಸರಾದಾಗ

ಹೆಸರು ಹೇಳದೆ ಕೀಲಿಯಿಂದಲೇ ಗುರುತು ಹಿಡಿಯುವ ಪದ್ಧತಿಯಲ್ಲಿ ಒಂದು ಕೀಲಿ ಒಂದೇ ಖಾತೆಗೆ ಸೇರಬೇಕಾಗುತ್ತದೆ. ಕಚೇರಿಯ ಖಾತೆ, ಸ್ವಂತ ಖಾತೆ ಎಂದು ಎರಡನ್ನಿಟ್ಟುಕೊಂಡವರು ಒಂದೇ ಕೀಲಿಯನ್ನು ಎರಡಕ್ಕೂ ಸೇರಿಸಹೊರಟರೆ, ಈ ಕೀಲಿ ಈಗಾಗಲೇ ಬಳಕೆಯಲ್ಲಿದೆ ಎಂಬ ಉತ್ತರ ಬರುತ್ತದೆ. ಎರಡು ಕೀಲಿ ಮಾಡಿ, ಯಾವ ವಿಳಾಸಕ್ಕೆ ಯಾವುದೆಂದು ಸಂರಚನೆಯ ಕಡತದಲ್ಲಿ ಬರೆದಿಡುವುದೇ ದಾರಿ. ವ್ಯಕ್ತಿಯ ಬದಲು ಯಂತ್ರವೊಂದು ಕೋಡ್ ಓದಬೇಕಾದಲ್ಲಿ ಆ ಒಂದು ಭಂಡಾರಕ್ಕಷ್ಟೇ ಸೀಮಿತವಾದ ಕೀಲಿ ನೀಡುವ ಸೌಲಭ್ಯವೂ ಇದೆ.

ಕೀಲಿಯೇ ಹೆಸರಾದಾಗ, ಕೀಲಿಯನ್ನು ಪಟ್ಟಿಗೆ ಸೇರಿಸುವ ಕಿಟಕಿಯೇ ಕೋಟೆಯ ಹೆಬ್ಬಾಗಿಲಾಗುತ್ತದೆ. 2012ರ ಮಾರ್ಚ್ 4ರಂದು ಇದು ಎಲ್ಲರಿಗೂ ಮನವರಿಕೆಯಾಯಿತು. ಗಿಟ್‌ಹಬ್ ತಾಣವನ್ನು ಕಟ್ಟಿದ್ದ ರೂಬಿ ಆನ್ ರೈಲ್ಸ್ ಚೌಕಟ್ಟಿನ ದೌರ್ಬಲ್ಯವೊಂದರ ಬಗ್ಗೆ ರಷ್ಯಾದ ಯೇಗೋರ್ ಹೋಮಕೋವ್ ಎಂಬ ಯುವಕ ಎಚ್ಚರಿಸಿದ್ದ. ರೈಲ್ಸ್ ತಂಡ ಅದನ್ನು ಗಂಭೀರವಾಗಿ ಪರಿಗಣಿಸಿರಲಿಲ್ಲ. ಕೀಲಿ ಸೇರಿಸುವ ನಮೂನೆಯಲ್ಲಿ ಖಾತೆಯ ಸಂಖ್ಯೆಯನ್ನೂ ಹೊರಗಿನಿಂದ ಬದಲಿಸಬಹುದಾಗಿತ್ತು. ಹೋಮಕೋವ್ ತನ್ನ ಸಾರ್ವಜನಿಕ ಕೀಲಿಯನ್ನು ರೈಲ್ಸ್ ಸಂಸ್ಥೆಯ ಖಾತೆಗೆ ಸೇರಿಸಿ, ಆ ಯೋಜನೆಯ ಮುಖ್ಯ ಭಂಡಾರಕ್ಕೇ ಒಂದು ಕಡತ ತಳ್ಳಿ ತೋರಿಸಿದ. ಗೂಢಲಿಪಿಯ ಗಣಿತಕ್ಕೆ ಕೂದಲೂ ಕೊಂಕಿರಲಿಲ್ಲ. ಅಂದೇ ದೋಷ ಸರಿಪಡಿಸಲಾಯಿತಾದರೂ, ಮೂರು ದಿನಗಳ ನಂತರ ಗಿಟ್‌ಹಬ್ ಎಲ್ಲ ಬಳಕೆದಾರರ ಕೀಲಿಗಳನ್ನೂ ತಡೆಹಿಡಿದು, ಒಂದೊಂದನ್ನೂ ತಮ್ಮದೇ ಎಂದು ಅವರು ಖಚಿತಪಡಿಸಿದ ಮೇಲಷ್ಟೇ ಮರುಸ್ಥಾಪಿಸಿತು.

ಗಣಿತವೇ ಕೈಕೊಟ್ಟ ಪ್ರಸಂಗವೂ ಇದೆ. ಡೆಬಿಯನ್ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ ಪೊಟ್ಟಣದಿಂದ 2006ರಲ್ಲಿ, ಪರೀಕ್ಷಾ ಸಾಧನವೊಂದರ ಎಚ್ಚರಿಕೆಯನ್ನು ನಿವಾರಿಸಲೆಂದು ಎರಡು ಸಾಲು ತೆಗೆಯಲಾಯಿತು. ಪರಿಣಾಮವಾಗಿ ಯಾದೃಚ್ಛಿಕ ಸಂಖ್ಯೆಗಳ ಮೂಲವೇ ಬತ್ತಿಹೋಗಿ, ಉಳಿದದ್ದು ಕಾರ್ಯಪ್ರಕ್ರಿಯೆಯ ಕ್ರಮಸಂಖ್ಯೆ ಮಾತ್ರ. ಒಂದು ಬಗೆಯ, ಒಂದು ಗಾತ್ರದ ಕೀಲಿಗೆ ಇರಬೇಕಾದ ಅಗಣಿತ ಸಾಧ್ಯತೆಗಳು ಸುಮಾರು 32 ಸಾವಿರಕ್ಕೆ ಕುಸಿದವು. ಲೂಚಿಯಾನೊ ಬೆಲ್ಲೊ ಇದನ್ನು ಪತ್ತೆಹಚ್ಚಿ, 2008ರ ಮೇ 13ರಂದು ವಿಷಯ ಬಹಿರಂಗವಾಗುವ ಹೊತ್ತಿಗೆ ಹೆಚ್ಚುಕಡಿಮೆ ಎರಡು ವರ್ಷ ಕಳೆದಿತ್ತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ತಂತ್ರಾಂಶ ಸರಿಹೋದರೂ ಆಗ ಹುಟ್ಟಿದ ಕೀಲಿಗಳು ಹಳೆಯ ಕಡತಗಳಲ್ಲಿ ಉಳಿದಿದ್ದವು. ಬ್ರಿಟನ್ನಿನ ಬೆನ್ ಕಾಕ್ಸ್ ಗಿಟ್‌ಹಬ್‌ನಲ್ಲಿ ಪ್ರಕಟವಾಗಿದ್ದ 13 ಲಕ್ಷಕ್ಕೂ ಹೆಚ್ಚು ಸಾರ್ವಜನಿಕ ಕೀಲಿಗಳನ್ನು ಕಲೆಹಾಕಿ ಪರೀಕ್ಷಿಸಿದಾಗ, ಡೆಬಿಯನ್ ದೋಷದ ಕೀಲಿಗಳು 2015ರಲ್ಲೂ ಜೀವಂತವಾಗಿದ್ದವು. ಸ್ಪಾಟಿಫೈ, ಯಾಂಡೆಕ್ಸ್ ಮತ್ತು ಪೈಥಾನ್ ಭಾಷೆಯ ಭಂಡಾರಗಳಿಗೆ ಪ್ರವೇಶವಿದ್ದವರ ಕೀಲಿಗಳೂ ಅವುಗಳಲ್ಲಿ ಸೇರಿದ್ದವು. ಇದಲ್ಲದೆ 512 ಬಿಟ್‌ನ ಏಳು, 256 ಬಿಟ್‌ನ ಎರಡು ಆರ್‌ಎಸ್‌ಎ ಕೀಲಿಗಳೂ ಸಿಕ್ಕವು. 512 ಬಿಟ್ ಸಂಖ್ಯೆಯನ್ನು ಸಂಶೋಧಕರು 1999ರಲ್ಲೇ ಒಡೆದಿದ್ದರು. 256 ಬಿಟ್‌ನದನ್ನು ಮನೆಯ ಗಣಕವೇ ಅಲ್ಪಾವಧಿಯಲ್ಲಿ ಒಡೆಯಬಲ್ಲದು. ಗಿಟ್‌ಹಬ್ ಆ ವರ್ಷ ಮೇ 5ರಂದು ಡೆಬಿಯನ್ ದೋಷದ ಕೀಲಿಗಳನ್ನು ರದ್ದುಪಡಿಸಿತು.

ಸರ್ವರಿನ ಗುರುತು

ಸರ್ವರಿಗೂ ಕೀಲಿಜೋಡಿ ಇದೆ. ಮೊದಲ ಬಾರಿ ಸಂಪರ್ಕಿಸಿದಾಗ ಅದರ ‘ಬೆರಳಚ್ಚು’ ತೋರಿಸಿ, ಇದನ್ನು ನಂಬುವಿರಾ ಎಂದು ಎಸ್‌ಎಸ್‌ಎಚ್ ಕೇಳುತ್ತದೆ. ಹೌದೆಂದರೆ ಪರಿಚಿತ ಸರ್ವರುಗಳ ಪಟ್ಟಿಯಲ್ಲಿ ಅದನ್ನು ದಾಖಲಿಸಿಕೊಂಡು, ಮುಂದೆ ಪ್ರತಿ ಬಾರಿ ತಾಳೆ ನೋಡುತ್ತದೆ. ಸಂಸ್ಥೆಗಳು ಅಧಿಕೃತ ಬೆರಳಚ್ಚುಗಳನ್ನು ಪ್ರಕಟಿಸುತ್ತವೆಯಾದರೂ, ಅವನ್ನು ಹೋಲಿಸಿ ನೋಡಿ ‘ಹೌದು’ ಎನ್ನುವವರು ವಿರಳ.

2023ರ ಬದಲಾವಣೆಯಲ್ಲಿ ಅಪಾಯವಿದ್ದುದು ಇಲ್ಲಿಯೇ. ಬಹಿರಂಗಗೊಂಡ ಕೀಲಿಯಿಂದ ಗಿಟ್‌ಹಬ್‌ನ ಒಳಗಿನ ಕೋಡ್ ಆಗಲಿ, ಬಳಕೆದಾರರ ಮಾಹಿತಿಯಾಗಲಿ ಸಿಗುತ್ತಿರಲಿಲ್ಲ. ಆದರೆ ಸಂಪರ್ಕದ ನಡುವೆ ನುಸುಳಬಲ್ಲವನು ತಾನೇ ಗಿಟ್‌ಹಬ್ ಎಂದು ವೇಷ ಹಾಕಬಹುದಾಗಿತ್ತು. ಈಸಿಡಿಎಸ್‌ಎ ಮತ್ತು ಎಡ್25519 ವಿಧದ ಕೀಲಿಗಳು ಸುರಕ್ಷಿತವಾಗಿದ್ದುದರಿಂದ ಅವನ್ನು ಬಳಸುತ್ತಿದ್ದವರಿಗೆ ಎಚ್ಚರಿಕೆಯೂ ಕಾಣಲಿಲ್ಲ. ಉಳಿದವರು ಪಟ್ಟಿಯಿಂದ ಹಳೆಯ ಸಾಲು ತೆಗೆದು ಹೊಸದನ್ನು ಸೇರಿಸಿಕೊಳ್ಳಬೇಕಾಯಿತು. ರಾತ್ರಿಹಗಲು ತಾವಾಗಿ ನಡೆಯುವ ನಿರ್ಮಾಣ ಯಂತ್ರಗಳಿಗೆ ಈ ತಿದ್ದುಪಡಿ ಮಾಡುವವರು ಯಾರೂ ಇಲ್ಲದೆ ಅವು ಸುಮ್ಮನೆ ನಿಂತವು.

ಕೀಲಿ ಹೇಳದ ಸಂಗತಿ

ಎಸ್‌ಎಸ್‌ಎಚ್ ಕೀಲಿ ದೃಢಪಡಿಸುವುದು ಕೋಡನ್ನು ತಳ್ಳಿದವರು ಯಾರೆಂಬುದನ್ನು. ಬರೆದವರು ಯಾರೆಂದು ಗಿಟ್ ದಾಖಲಿಸುವ ಹೆಸರು ಮತ್ತು ಮಿಂಚಂಚೆ ವಿಳಾಸ ಬಳಕೆದಾರನೇ ಟೈಪಿಸಿದ್ದು. ಅಲ್ಲಿ ಯಾರ ಹೆಸರನ್ನಾದರೂ ಹಾಕಬಹುದು. ಕೀಲಿಗೆ ಅದರ ಪರಿವೆಯಿಲ್ಲ. 2021ರ ನವೆಂಬರ್‌ನಲ್ಲಿ ಬಂದ ಗಿಟ್ 2.34ರಿಂದ ಅದೇ ಎಸ್‌ಎಸ್‌ಎಚ್ ಕೀಲಿಯಿಂದ ಪ್ರತಿ ಬದಲಾವಣೆಗೂ ಸಹಿ ಹಾಕಲು ಸಾಧ್ಯವಾಗಿದೆ.

ಕೀಲಿ ಹಿಡಿದವನ ಮನಸ್ಸನ್ನಂತೂ ಯಾವ ಸಹಿಯೂ ತೋರದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ, ಎಸ್‌ಎಸ್‌ಎಚ್ ಪ್ರವೇಶಕ್ಕೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಸಮಯ ಹಿಡಿಯುತ್ತಿರುವುದರ ಬೆನ್ನುಹತ್ತಿ, ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದಲ್ಲಿ ಅಡಗಿಸಿದ್ದ ಕಳ್ಳಬಾಗಿಲನ್ನು ಪತ್ತೆಹಚ್ಚಿದರು. ಅದು ಕೆಲವು ಲಿನಕ್ಸ್ ಆವೃತ್ತಿಗಳ ಎಸ್‌ಎಸ್‌ಎಚ್ ಸರ್ವರಿನಲ್ಲಿ ಕೀಲಿ ತಾಳೆ ನೋಡುವ ಹಂತದಲ್ಲೇ ಹೊಂಚುಹಾಕಿತ್ತು. ಅದನ್ನು ಸೇರಿಸಿದ್ದು ಎರಡು ವರ್ಷಗಳಿಂದ ಆ ಯೋಜನೆಯಲ್ಲಿ ದುಡಿದು ವಿಶ್ವಾಸ ಗಳಿಸಿ, ಬರೆಯುವ ಹಕ್ಕನ್ನು ಸಕ್ರಮವಾಗಿಯೇ ಪಡೆದಿದ್ದ ‘ಜಿಯಾ ಟಾನ್’ ಎಂಬ ಹೆಸರಿನ ಖಾತೆ.

ಬಳಕೆಯ ಕೆಲವು ಮಾತು

ಹಳೆಯ ಡಿಎಸ್‌ಎ ಕೀಲಿಗಳಿಗೆ ಗಿಟ್‌ಹಬ್ 2022ರ ಮಾರ್ಚ್‌ನಲ್ಲಿ ವಿದಾಯ ಹೇಳಿತು. 2025ರ ಓಪನ್‌ಎಸ್‌ಎಸ್‌ಎಚ್ 10.0ರಲ್ಲಿ ಅದರ ಕುರುಹೂ ಇಲ್ಲ. ಹೊಸದಾಗಿ ಕೀಲಿ ಮಾಡುವವರಿಗೆ ಎಡ್25519 ಸೂಕ್ತ. 2023ರ ಅಕ್ಟೋಬರ್‌ನಿಂದ ಓಪನ್‌ಎಸ್‌ಎಸ್‌ಎಚ್ ತಾನಾಗಿ ಆರಿಸಿಕೊಳ್ಳುವುದೂ ಅದನ್ನೇ. ಆರ್‌ಎಸ್‌ಎ ಕೀಲಿ ಹಲವು ಸಾಲುಗಳಷ್ಟು ಉದ್ದವಾದರೆ, ಇದರ ಸಾರ್ವಜನಿಕ ಕೀಲಿ 68 ಅಕ್ಷರಗಳಲ್ಲಿ ಮುಗಿಯುತ್ತದೆ.

ಖಾಸಗಿ ಕೀಲಿಗೆ ರಕ್ಷಣಾವಾಕ್ಯವೊಂದನ್ನು ಇಡುವುದನ್ನು ಅನೇಕರು ಎಂಟರ್ ಒತ್ತಿ ದಾಟಿಸಿಬಿಡುತ್ತಾರೆ. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋದ ದಿನ ಆ ಎಂಟರ್ ನೆನಪಾಗುತ್ತದೆ. ಪ್ರತಿ ಬಾರಿ ವಾಕ್ಯ ಟೈಪಿಸುವ ಶ್ರಮ ತಪ್ಪಿಸಲು ಎಸ್‌ಎಸ್‌ಎಚ್ ಏಜೆಂಟ್ ಎಂಬ ಸಹಾಯಕ ತಂತ್ರಾಂಶವಿದ್ದು, ಬಿಚ್ಚಿದ ಕೀಲಿಯನ್ನು ಸ್ಮೃತಿಯಲ್ಲಿ ಹಿಡಿದಿಟ್ಟು ಕೇಳಿದಾಗ ಸಹಿ ಹಾಕಿಕೊಡುತ್ತದೆ. ಈ ಏಜೆಂಟನ್ನು ಇನ್ನೊಂದು ಸರ್ವರಿಗೆ ‘ರವಾನಿಸುವ’ ಸೌಲಭ್ಯವನ್ನು ಮಾತ್ರ ವಿವೇಚನೆಯಿಂದ ಬಳಸಬೇಕು. ಆ ಸರ್ವರಿನ ಮೇಲ್ವಿಚಾರಕ, ಸಂಪರ್ಕ ಇರುವವರೆಗೂ ಬಳಕೆದಾರನ ಹೆಸರಿನಲ್ಲಿ ಸಹಿ ಹಾಕಿಸಿಕೊಳ್ಳಬಲ್ಲ. ಇನ್ನೂ ಬಿಗಿ ಬೇಕೆನ್ನುವವರಿಗೆ, ಯುಎಸ್‌ಬಿ ಭದ್ರತಾ ಸಾಧನವನ್ನು ಬೆರಳಿನಿಂದ ಮುಟ್ಟಿದರಷ್ಟೇ ಸಹಿ ಬೀಳುವ ಕೀಲಿಗಳನ್ನು ಓಪನ್‌ಎಸ್‌ಎಸ್‌ಎಚ್ 2020ರಿಂದ, ಗಿಟ್‌ಹಬ್ 2021ರಿಂದ ಒಪ್ಪುತ್ತಿವೆ.

ಗಣಕ ಕಳೆದುಹೋದರೆ ಅಥವಾ ಕೆಲಸ ಬದಲಿಸಿದರೆ ಹೊಸ ಕೀಲಿಯನ್ನು ಸೇರಿಸಿದರಷ್ಟೇ ಸಾಲದು. ಹಳೆಯದನ್ನು ಖಾತೆಯ ಪಟ್ಟಿಯಿಂದ ಅಳಿಸಬೇಕು. ಕೀಲಿ ಸೇರಿಸುವಾಗ ಅದು ಯಾವ ಗಣಕದ್ದೆಂದು ಶೀರ್ಷಿಕೆ ಬರೆದಿಟ್ಟವರಿಗೆ ಯಾವುದನ್ನು ಅಳಿಸಬೇಕೆಂಬ ಗೊಂದಲ ಇರುವುದಿಲ್ಲ. ಬರೆದಿಡದವರು ಬೆರಳಚ್ಚುಗಳನ್ನು ಒಂದೊಂದಾಗಿ ಹೋಲಿಸುತ್ತಾ ಕೂರಬೇಕಾಗುತ್ತದೆ.